ಕಲ್ಪತರು ನಾಡಿನಿಂದ ಹಿಮನದಿಯವರೆಗೆ

ಕುಣಿಗಲ್ ಎಂದೊಡನೆ ನೆನಪಾಗುವುದು ಅಲ್ಲಿನ ದೊಡ್ಡ ಕೆರೆ ಮತ್ತು ಕುದುರೆ ಫಾರಂ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯದ ಕುದುರೆಗಳು ಬೆಳೆದದ್ದು ಇಲ್ಲಿಯೇ. ಕುಣಿಗಲ್‌ನಿಂದ ತುಮಕೂರು ನಗರಕ್ಕೆ ಬಂದು, ಬಿ.ಎಚ್. ರಸ್ತೆ ಹಿಡಿದು ಪಶ್ಚಿಮಕ್ಕೆ ಸಾಗಿದರೆ ತೆಂಗು, ಅಡಿಕೆ ತೋಟಗಳ ನಡುವೆ ಗುಬ್ಬಿ ಸಿಗುತ್ತದೆ. ಇದು ನಾಟಕರತ್ನ ಗುಬ್ಬಿ ವೀರಣ್ಣನವರ ಊರು. ಇದೇ ತಾಲ್ಲೂಕಿನ ನಿಟ್ಟೂರಿನ ಸಮೀಪ ಬಿದರೆಹಳ್ಳ ಕಾವಲ್ ಇದೆ. ಕಾವಲ್ ಎಂದರೆ ದನಕರುಗಳ ಹುಲ್ಲುಗಾವಲು. ಈಗ ಅಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು. ಮೊದಲಿಗೆ ವರ್ಷಕ್ಕೆ ಸುಮಾರು 30, ಮುಂದೆ 60, ಆಮೇಲೆ 90 ಹೆಲಿಕಾಪ್ಟರ್ ತಯಾರಿಸುವುದು ಅದರ ಗುರಿ.

ಒಂದು ಅಶ್ವಶಕ್ತಿ ಎಂದರೆ 746 ವಾಟ್ ಎಂದು ವಿದ್ಯಾರ್ಥಿಗಳು ಓದಿರುತ್ತಾರೆ. ಇಲ್ಲಿಗಾಗಿ ಆಯ್ಕೆಯಾದ ಮೂರು ಟನ್ ವರ್ಗದ ಲಘು ಹೆಲಿಕಾಪ್ಟರಿನ ಒಂದೇ ಎಂಜಿನ್ನಿಗೆ ಸುಮಾರು ಸಾವಿರ ಕುದುರೆಗಳ ಬಲ. ಆದರೆ ಈ ಸಾವಿರ ಕುದುರೆಗಳು ಓಡಬೇಕಾದದ್ದು ಗುಬ್ಬಿಯ ಬಯಲಿನಲ್ಲಲ್ಲ, ಹಿಮಾಲಯದ ನೆತ್ತಿಯ ಮೇಲೆ.

ಹೊರಡುವುದೇ ಕಷ್ಟ

ಚಳಿಗಾಲದ ಬೆಳಿಗ್ಗೆ ಸೀಸೆಯೊಳಗಿನ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ಈ ಸೀಮೆಯ ಪ್ರತಿ ಮನೆಯೂ ಕಂಡಿದೆ. ಎಂಜಿನ್ ಎಣ್ಣೆ ಹಾಗೆ ಹೆಪ್ಪುಗಟ್ಟದಿದ್ದರೂ ಕಡುಚಳಿಗೆ ಮಂದವಾಗುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಬಲಗುಂದಿದ ಬ್ಯಾಟರಿ ಎಂಜಿನ್ನನ್ನು ಸಾಕಷ್ಟು ವೇಗವಾಗಿ ತಿರುಗಿಸದಿದ್ದರೆ ಒಳಗೆ ಗಾಳಿ ಕಡಿಮೆ, ಇಂಧನ ಹೆಚ್ಚು. ಆಗ ಹೊರಗೆ ಹಿಮವಿದ್ದರೂ ಎಂಜಿನ್ನಿನ ಒಳಗೆ ಶಾಖ ಮಿತಿಮೀರುತ್ತದೆ! ಚಾಲಕನ ಕಣ್ಣು ಶಾಖದ ಮಾಪಕದ ಮೇಲಿರಬೇಕು. ಮುಳ್ಳು ಮಿತಿಯತ್ತ ಏರಿದರೆ ತಕ್ಷಣ ಇಂಧನ ನಿಲ್ಲಿಸಬೇಕು.

ರೆಕ್ಕೆಯ ಮೇಲೆ ಕುಳಿತ ತೆಳು ಹಿಮಪದರವೂ ಸಣ್ಣ ವಿಷಯವಲ್ಲ. ಒರಟಾದ ಮೇಲ್ಮೈ ಗಾಳಿಯ ಹರಿವನ್ನು ಕದಡಿ ಎತ್ತುವ ಬಲವನ್ನು ಕುಗ್ಗಿಸುತ್ತದೆ. ಆದ್ದರಿಂದ ಹಿಮವನ್ನು ಪೂರ್ತಿ ತೆಗೆಯದೆ ಹೊರಡುವಂತಿಲ್ಲ. ಜೊತೆಗೆ ಐದು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಶೇ. 60ರಷ್ಟು ಮಾತ್ರ.

ಚಳಿ ಎಂಜಿನ್ನನ್ನು ಸೋಲಿಸಿದ ಪ್ರಸಂಗವೊಂದು ಇತಿಹಾಸದಲ್ಲಿದೆ. 1972ರ ಜೂನ್ 21ರಂದು ಫ್ರಾನ್ಸಿನ ಜೀನ್ ಬೂಲೆ ಲಾಮಾ ಹೆಲಿಕಾಪ್ಟರಿನಲ್ಲಿ 12,442 ಮೀಟರ್ ಏರಿ ವಿಶ್ವದಾಖಲೆ ಮಾಡಿದರು. ಅಲ್ಲಿನ ಕೊರೆಯುವ ಚಳಿಯಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ಕೆಳಗಿನಿಂದ ನುಗ್ಗುವ ಗಾಳಿಗೆ ತಾನೇ ತಿರುಗುವ ರೆಕ್ಕೆಗಳನ್ನೇ ನಂಬಿ ಅವರು ಸುರಕ್ಷಿತವಾಗಿ ನೆಲಕ್ಕಿಳಿದರು. ಇದೇ ಲಾಮಾ ಬೆಂಗಳೂರಿನ ಎಚ್‌ಎಎಲ್‌ನಲ್ಲಿ 'ಚೀತಾ' ಎಂಬ ಹೆಸರಿನಲ್ಲಿ ತಯಾರಾಗಿ, ದಶಕಗಳ ಕಾಲ ಸಿಯಾಚಿನ್ ಯೋಧರಿಗೆ ಸೀಮೆಎಣ್ಣೆ, ಆಹಾರ, ಔಷಧಿ ಹೊತ್ತಿತು. ಅಲ್ಲಿನ ಹೆಲಿಪ್ಯಾಡುಗಳಲ್ಲಿ ಚಾಲಕರು ಎಂಜಿನ್ ನಿಲ್ಲಿಸದೆಯೇ ಸಾಮಾನು ಇಳಿಸುತ್ತಿದ್ದರು. ನಿಂತ ಎಂಜಿನ್ ಮತ್ತೆ ಹೊರಡುವ ಭರವಸೆ ಅಲ್ಲಿಲ್ಲ.

ಹಿಮದಲ್ಲಿ ಪರೀಕ್ಷೆ

ಚೀತಾದ ಜಾಗ ತುಂಬಲು ರೂಪುಗೊಂಡ ಹೊಸ ಹೆಲಿಕಾಪ್ಟರ್ ಮೊದಲು ಹಾರಿದ್ದು 2016ರ ಸೆಪ್ಟೆಂಬರ್ 6ರಂದು. 2019ರಲ್ಲಿ ಲೇಹ್‌ನಲ್ಲಿ ಅದರ ಶೀತ ಪರೀಕ್ಷೆ ನಡೆಯಿತು. ಇಂಥ ಪರೀಕ್ಷೆಯ ತಿರುಳು ಸರಳ: ರಾತ್ರಿಯಿಡೀ ಯಂತ್ರವನ್ನು ಚಳಿಯಲ್ಲಿ ಬಿಟ್ಟು, ಬೆಳಿಗ್ಗೆ ಅದು ಹೊರಡುವುದೇ ಎಂದು ನೋಡುವುದು. 2020ರಲ್ಲಿ ಸಿಯಾಚಿನ್ನಿನ ಎತ್ತರದ ಹೆಲಿಪ್ಯಾಡಿನಲ್ಲೂ ಅದು ಇಳಿದು, ಭಾರ ಹೊರುವ ತನ್ನ ಸಾಮರ್ಥ್ಯ ತೋರಿತು.

ಇಷ್ಟೆಲ್ಲ ಶ್ರಮ ಏಕೆ? ಗುಬ್ಬಿಯ ಕಾರ್ಖಾನೆಗೆ ಶಂಕುಸ್ಥಾಪನೆಯಾದ ಸರಿಯಾಗಿ ಒಂದು ತಿಂಗಳಿಗೆ, 2016ರ ಫೆಬ್ರುವರಿ 3ರಂದು, ಸಿಯಾಚಿನ್ನಿನ ಸೋನಂ ಠಾಣೆ ಹಿಮಕುಸಿತದಲ್ಲಿ ಹೂತುಹೋಯಿತು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಹಿಮದಡಿಯಲ್ಲಿ ಜೀವಂತವಾಗಿ ಸಿಕ್ಕರು. ಅವರನ್ನು ಬೆಟ್ಟದಿಂದ ಕೆಳಗೆ ತಂದದ್ದು ಹೆಲಿಕಾಪ್ಟರ್. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅಂಥ ಎತ್ತರದಲ್ಲಿ ಗಾಯಾಳುವಿಗೆ ಕೆಳಗಿಳಿಯಲು ಬೇರೆ ದಾರಿಯೇ ಇಲ್ಲ.

ಬಿ.ಎಚ್. ರಸ್ತೆಯ ಬಸ್ಸಿನಲ್ಲಿ ನಿಟ್ಟೂರಿನತ್ತ ಹೋಗುವ ಮಕ್ಕಳಿಗೆ ಆ ಕಾರ್ಖಾನೆಯನ್ನು ತೋರಿಸುವಾಗ ತಂದೆತಾಯಂದಿರು ಇದನ್ನೂ ಹೇಳಬಹುದು. ಮನೆಯ ಎಣ್ಣೆ ಸೀಸೆಯಲ್ಲಿ ಕಾಣುವ ವಿಜ್ಞಾನವನ್ನೇ ಅಲ್ಲಿನವರೂ ಗಮನದಲ್ಲಿಟ್ಟು ಕೆಲಸ ಮಾಡಬೇಕು. ಹಿಮದ ನಡುವೆ ಯಾರೋ ಒಬ್ಬರು ಆ ಯಂತ್ರದ ಸದ್ದಿಗಾಗಿ ಕಿವಿಗೊಟ್ಟು ಕಾಯುತ್ತಿರುತ್ತಾರೆ.