ಬೋರ್ ನೀರು, ವಾಷಿಂಗ್ ಮೆಷಿನ್ ಮತ್ತು ನಿಂಬೆ ಉಪ್ಪು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಮ್ಮ ಮೊಹಲ್ಲಾದಲ್ಲಿ ಸ್ನಾನಕ್ಕೂ ಬಟ್ಟೆಗೂ ಬೋರ್‌ವೆಲ್ ನೀರೇ ಗತಿ. ಆ ಬೋರ್‌ಗಳಲ್ಲಿ ಎಷ್ಟೋ ಸಾವಿರ ಅಡಿ ದಾಟಿವೆ. ಅಷ್ಟು ಆಳದಿಂದ ಬರುವ ನೀರು ಬರಿಗೈಯಲ್ಲಿ ಬರುವುದಿಲ್ಲ. ಕಲ್ಲಿನೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತುಕೊಂಡೇ ಬರುತ್ತದೆ. ಯಾರ ಮನೆಯ ನಲ್ಲಿ ನೋಡಿದರೂ ಬಾಯಿಗೆ ಬಿಳಿ ಪೊರೆ ಕಟ್ಟಿರುತ್ತದೆ. ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ.

ನಮ್ಮ ಮನೆಗೆ ವಾಷಿಂಗ್ ಮೆಷಿನ್ ಬಂದದ್ದು ದಾದಿಮಾ ಹಾಸಿಗೆ ಹಿಡಿದ ಮೇಲೆ. ದಿನ ಬಿಟ್ಟು ದಿನ ಬೆಡ್‌ಶೀಟ್, ರಬ್ಬರ್ ಶೀಟಿನ ಮೇಲೆ ಹಾಸುವ ಬಟ್ಟೆ, ನೈಟಿ, ಟವೆಲ್ ಎಲ್ಲವನ್ನೂ ಬಿಸಿ ನೀರಿನಲ್ಲಿ ಒಗೆಯಬೇಕಾಗುತ್ತದೆ. ಅಮ್ಮಿಗೆ ಭುಜದ ನೋವು. ಬಟ್ಟೆ ಹಿಂಡಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಬೆಂಗಳೂರಿನ ಮಾಮು ಹೊಸ ಮೆಷಿನ್ ಕೊಂಡಾಗ ಅವರ ಹಳೆಯ ಫ್ರಂಟ್ ಲೋಡ್ ಅನ್ನು ನಾವು 9,000 ರೂಪಾಯಿಗೆ ತೆಗೆದುಕೊಂಡೆವು. ಅದರೊಳಗೇ ಹೀಟರ್ ಇದೆ. ಅದು ನಿಂತುಹೋದರೆ ಅಮ್ಮಿ ಮತ್ತೆ ಒಗೆಯುವ ಕಲ್ಲಿನ ಮುಂದೆ ನಿಲ್ಲಬೇಕು. ಮನೆಯಲ್ಲಿ ಟಿವಿ ಕೆಟ್ಟರೆ ಯಾರೂ ಹೆದರುವುದಿಲ್ಲ, ಇದು ಸ್ವಲ್ಪ ಬೇರೆ ಸದ್ದು ಮಾಡಿದರೂ ಎಲ್ಲರೂ ಓಡಿ ಬರುತ್ತಾರೆ.

ಬಾಗಿಲಿನ ರಬ್ಬರ್ ಬದಲಿಸಲು ಬಂದ ಮೆಕ್ಯಾನಿಕ್ ಡ್ರಮ್ಮಿನ ತೂತಿನೊಳಗೆ ಟಾರ್ಚ್ ಬಿಟ್ಟು ತೋರಿಸಿದ. ಹೀಟರ್ ಮೇಲೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. "ಮೇಡಂ, ನಿಮ್ಮ ನೀರು ತುಂಬಾ ಹಾರ್ಡ್. ಹೀಗೇ ಬಿಟ್ಟರೆ ಆರು ತಿಂಗಳಲ್ಲಿ ಹೀಟರ್ ಹೋಗುತ್ತೆ" ಎಂದ. ಜೇಬಿನಿಂದ ಪೆನ್ನಿನಂಥ ಟಿಡಿಎಸ್ ಮೀಟರ್ ತೆಗೆದು ನಮ್ಮ ಲೋಟದಲ್ಲಿ ಅದ್ದಿ, 900 ದಾಟಿದ ಅಂಕಿ ತೋರಿಸಿದ. ಆಮೇಲೆ ಪಟ್ಟಿ ಬಂತು: ತಿಂಗಳಿಗೊಂದು ಸುಣ್ಣ ಬಿಡಿಸುವ ಪೌಡರ್ ಪ್ಯಾಕೆಟ್, 150 ರೂಪಾಯಿ. ಪೈಪಿಗೆ ಜೋಡಿಸುವ ಫಿಲ್ಟರ್, 1,900. ವರ್ಷದ ಸರ್ವಿಸ್ ಕಾಂಟ್ರಾಕ್ಟ್, 2,800. ಅಮ್ಮಿ ನಮ್ಮ ದಖ್ಖನಿಯಲ್ಲಿ "ಅಬ್ಬೀ ನಕ್ಕೋ, ಸೋಂಚ್‌ಕೋ ಬೋಲ್ತೇ" ಎಂದು ನನ್ನ ಕಡೆ ನೋಡಿದರು. ಯೋಚಿಸಿ ಹೇಳುವ ಕೆಲಸ ನನಗೆ ಬಂತು, ಮನೆಯಲ್ಲಿ ಕಾಮರ್ಸ್ ಓದುವವರು ನಾನೊಬ್ಬರೇ ಅಲ್ಲವೇ.

ಕೂಡಿದರೆ ಮೊದಲ ವರ್ಷಕ್ಕೆ 6,500 ರೂಪಾಯಿ. 9,000 ರೂಪಾಯಿಯ ಆಸ್ತಿಗೆ ಇಷ್ಟು ನಿರ್ವಹಣಾ ವೆಚ್ಚ ಎಂದರೆ ನಮ್ಮ ಲೆಕ್ಕಶಾಸ್ತ್ರದ ಸರ್ ಪುಸ್ತಕ ಮುಚ್ಚಿ ನಗುತ್ತಾರೆ. ನಾನು ಮೆಕ್ಯಾನಿಕ್‌ಗೆ ಒಂದೇ ಪ್ರಶ್ನೆ ಕೇಳಿದೆ: "ಅಣ್ಣಾ, ಹೀಟರ್ ಹೋದರೆ ಹೊಸದು ಹಾಕಲು ಎಷ್ಟು?" ಮಜೂರಿ ಸೇರಿ 2,200 ಎಂದ. ಅಂದರೆ 2,200 ರೂಪಾಯಿಯ ನಷ್ಟ ತಪ್ಪಿಸಲು 6,500 ಕೊಡಬೇಕು, ಅದೂ ನಷ್ಟ ಆಗಿಯೇ ತೀರುತ್ತದೆ ಎಂಬ ಖಾತ್ರಿ ಇಲ್ಲದೆ. ವಿಮೆಯ ಪಾಠ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗೆಂದು ಸುಮ್ಮನೆ ಬಿಡುವಂತೆಯೂ ಇರಲಿಲ್ಲ. ಹೀಟರ್ ಹೋದ ದಿನ ಮೆಕ್ಯಾನಿಕ್ ತಕ್ಷಣ ಬರುವುದಿಲ್ಲ, ದಾದಿಮಾ ಬೆಡ್‌ಶೀಟ್ ಕಾಯುವುದಿಲ್ಲ.

ಸೈನ್ಸ್ ಸೆಕ್ಷನ್ನಿನ ಗೆಳತಿಯ ಜೊತೆ ರಸಾಯನಶಾಸ್ತ್ರದ ಮೇಡಂ ಹತ್ತಿರ ಹೋದೆವು. ಮೊದಲು ಅವರು ಹೇಳಿದ್ದು ಆ ಮೀಟರಿನ ವಿಷಯ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲದರ ಅಂದಾಜು. ಅಡುಗೆ ಉಪ್ಪು ಕಲಸಿದರೂ ಅಂಕಿ ಏರುತ್ತದೆ, ಆದರೆ ಅಡುಗೆ ಉಪ್ಪು ಹೀಟರಿಗೆ ಸುಣ್ಣವಾಗಿ ಅಂಟುವುದಿಲ್ಲ. ನೋಡಬೇಕಾದದ್ದು ಗಡಸುತನ. ನಮ್ಮ ಬಾಟಲಿಯ ನೀರನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ಲೀಟರಿಗೆ 480 ಮಿಲಿಗ್ರಾಂ ಎಂದು ಬರೆದುಕೊಟ್ಟರು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 200, ಬೇರೆ ನೀರು ಸಿಗದಿದ್ದರೆ 600ರವರೆಗೆ. ಆದ್ದರಿಂದ ಮೆಕ್ಯಾನಿಕ್ ಹೇಳಿದ್ದರಲ್ಲಿ ನೀರು ಗಡಸು ಎಂಬ ಮಾತು ನಿಜ.

ಆದರೆ ಗಡಸು ನೀರು ಒಳಗೆ ಬಂದಷ್ಟಕ್ಕೇ ಮೆಷಿನ್ನಿಗೆ ಸುಣ್ಣ ಕಟ್ಟುವುದಿಲ್ಲ. ಕಾಯಿಸಿದಾಗ ಕಟ್ಟುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಗೆ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅದು ನೀರಿನಲ್ಲಿ ನಿಲ್ಲದೆ ಎಲ್ಲಕ್ಕಿಂತ ಬಿಸಿಯಾದ ಜಾಗಕ್ಕೆ, ಅಂದರೆ ಹೀಟರಿಗೆ, ಅಂಟುತ್ತದೆ. ನಲ್ಲಿಯ ಬಾಯಿಯ ಪೊರೆ ಹನಿಗಳು ಅಲ್ಲೇ ಒಣಗಿ ಆದದ್ದು. ತಣ್ಣೀರಿನಲ್ಲಿ ಒಗೆದರೆ ಬಹುಪಾಲು ಕ್ಯಾಲ್ಸಿಯಂ ಬಂದ ಹಾಗೆಯೇ ಚರಂಡಿಗೆ ಹೋಗುತ್ತದೆ. ನಮ್ಮ ಪಕ್ಕದ ಮನೆಯವರದು ಹೀಟರ್ ಇಲ್ಲದ ಟಾಪ್ ಲೋಡ್. ಅವರೂ ತಿಂಗಳಿಗೊಂದು ಪ್ಯಾಕೆಟ್ ಹಾಕುತ್ತಿದ್ದರು, ಯಾವ ಹೀಟರ್ ಉಳಿಸಲು ಎಂದು ಕೇಳಿದರೆ ಅವರ ಬಳಿ ಉತ್ತರವಿರಲಿಲ್ಲ.

ಇನ್ನು ಲೆಕ್ಕ. ನಮ್ಮ ಮೆಷಿನ್ ಒಂದು ಬಾರಿಗೆ ಕಾಯಿಸುವ ನೀರು ಸುಮಾರು 15 ಲೀಟರ್. ಜಾಲಿಸುವ ನೀರು ತಣ್ಣಗೇ ಇರುತ್ತದೆ, ಅದನ್ನು ಸೇರಿಸಬೇಕಿಲ್ಲ. 15 ಲೀಟರ್ ಗುಣಿಸು 480 ಮಿಲಿಗ್ರಾಂ, 7.2 ಗ್ರಾಂ. ಕಾಟನ್ ಬಟನ್ ಒತ್ತಿದರೆ ನಮ್ಮ ಮೆಷಿನ್ ತಾನಾಗಿ 60 ಡಿಗ್ರಿಗೆ ಹೋಗುತ್ತದೆ, ಹಾಗಾಗಿ ದಿನಾ ಎಲ್ಲ ಬಟ್ಟೆಯೂ ಬಿಸಿ ನೀರಿನಲ್ಲೇ ಒಗೆಯಲ್ಪಡುತ್ತಿತ್ತು. ತಿಂಗಳಿಗೆ 216 ಗ್ರಾಂ. ಈಗ ದಾದಿಮಾ ಬಟ್ಟೆಗೆ ಮಾತ್ರ 60 ಡಿಗ್ರಿ, ವಾರಕ್ಕೆ ಮೂರು ಸಲ. ನಮ್ಮ ಯೂನಿಫಾರ್ಮ್, ಅಬ್ಬಾ ಮಂಡಿಗೆ ಹಾಕುವ ಅಂಗಿ ಎಲ್ಲ ತಣ್ಣೀರಿಗೆ. ತಿಂಗಳಿಗೆ 94 ಗ್ರಾಂ ಆಯಿತು. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಇದು ಕೂಡ ಗರಿಷ್ಠ ಲೆಕ್ಕ. ಗಡಸುತನದ ಒಂದು ಭಾಗ ಬಿಸಿಗೆ ಹೊರಬೀಳುವುದೇ ಇಲ್ಲ, ಡಿಟರ್ಜೆಂಟ್ ಪೌಡರಿನಲ್ಲೇ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ವಸ್ತುಗಳಿರುತ್ತವೆ, ಹೊರಬಿದ್ದದ್ದರಲ್ಲೂ ಒಂದಷ್ಟು ಕೊಳೆ ನೀರಿನ ಜೊತೆ ಹೋಗುತ್ತದೆ.

15 ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಲು 0.6 ಯೂನಿಟ್ ಕರೆಂಟ್ ಬೇಕು. ಗೃಹಜ್ಯೋತಿಯ ಮಿತಿ ದಾಟಿತೇ ಎಂದು ಪ್ರತಿ ವಾರ ಮೀಟರ್ ನೋಡುವ ಅಬ್ಬಾಗೆ ನನ್ನ ಇಡೀ ಸಂಶೋಧನೆಯಲ್ಲಿ ಇಷ್ಟವಾದದ್ದು ಇದೊಂದೇ. ಸುಣ್ಣ ಕಟ್ಟಿದರೆ ಬಿಲ್ ಬಹಳ ಏರುತ್ತದೆ ಎಂದೂ ಮೆಕ್ಯಾನಿಕ್ ಹೇಳಿದ್ದ. ಹೀಟರ್ ನೀರಿನೊಳಗೇ ಮುಳುಗಿರುವುದರಿಂದ ಅದರ ಶಾಖ ಕೊನೆಗೆ ನೀರಿಗೇ ಹೋಗಬೇಕು ಎಂದು ಮೇಡಂ ವಿವರಿಸಿದರು. ತೊಂದರೆ ಬೇರೆ: ಪೊರೆಯ ಕೆಳಗೆ ಸಿಕ್ಕಿಕೊಂಡ ಶಾಖದಿಂದ ಹೀಟರ್ ತಾನೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ.

ಈಗಾಗಲೇ ಕಟ್ಟಿದ್ದನ್ನು ಬಿಡಿಸಲು ನಿಂಬೆ ಉಪ್ಪು ಸಾಕು. ಸಿಟ್ರಿಕ್ ಆಸಿಡ್ ಎಂದರೆ ಅದೇ. ಆ 150 ರೂಪಾಯಿಯ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರಗಳಲ್ಲಿ ಬರೆದಿದ್ದೂ ಅದೇ ಹೆಸರು. ಕಿರಾಣಿ ಅಂಗಡಿಯಲ್ಲಿ ಕಾಲು ಕೆಜಿಗೆ 60 ರೂಪಾಯಿ ಕೊಟ್ಟೆ. ಮೊದಲು ಬಚ್ಚಲಿನ ಹೀಟರ್ ಕಾಯಿಲ್ ಮೇಲೆ ಪ್ರಯೋಗ. ಹಾಸ್ಟೆಲ್‌ನವರಿಗೆ ಗೊತ್ತಿರುತ್ತದೆ, ಆ ಕಾಯಿಲ್ ಎರಡೇ ತಿಂಗಳಲ್ಲಿ ಮೊಟ್ಟೆಯ ಚಿಪ್ಪು ತೊಟ್ಟಂತಾಗುತ್ತದೆ. ಪ್ಲಗ್ ತೆಗೆದು, ಪ್ಲಾಸ್ಟಿಕ್ ಬಕೆಟ್ಟಿನ ಬೆಚ್ಚಗಿನ ನೀರಿಗೆ ಪುಡಿ ಕಲಸಿ, ಸುರುಳಿ ಮಾತ್ರ ಮುಳುಗುವಂತೆ ಇಟ್ಟೆ. ಸೋಡಾ ಬಾಟಲಿಯಂತೆ ಗುಳ್ಳೆ ಎದ್ದವು. ಸಂಜೆಗೆ ಸುರುಳಿ ತಾಮ್ರದ ಬಣ್ಣಕ್ಕೆ ತಿರುಗಿತ್ತು, ದಾದಿಮಾ ಮಲಗಿದಲ್ಲಿಂದಲೇ "ಮಾಶಾ ಅಲ್ಲಾಹ್" ಎಂದರು.

ಮೆಷಿನ್ನಿಗೆ 100 ಗ್ರಾಂ ಪುಡಿಯನ್ನು ನೇರ ಖಾಲಿ ಡ್ರಮ್ಮಿಗೆ ಹಾಕಿ, ಬಟ್ಟೆ, ಪೌಡರ್ ಏನೂ ಇಲ್ಲದೆ 40 ಡಿಗ್ರಿಯಲ್ಲಿ ಒಮ್ಮೆ ಓಡಿಸುತ್ತೇವೆ. ಕುದಿಯುವಷ್ಟು ಬಿಸಿ ಬೇಡ. ಬಿಸಿ ಹೆಚ್ಚಾದಷ್ಟೂ ಕ್ಯಾಲ್ಸಿಯಂ ಸಿಟ್ರೇಟ್ ಕಡಿಮೆ ಕರಗುತ್ತದೆ, ಒಂದು ಪೊರೆ ಹೋಗಿ ಇನ್ನೊಂದು ಕೂತೀತು. 100 ಗ್ರಾಂ ಸುಣ್ಣ ಕರಗಿಸಲು ಬೇಕಾದದ್ದು ಸುಮಾರು 140 ಗ್ರಾಂ ನಿಂಬೆ ಉಪ್ಪು. ಅದೇ ಕೆಲಸಕ್ಕೆ 5 ಪರ್ಸೆಂಟಿನ ವಿನೆಗರ್ ಎರಡೂಕಾಲು ಲೀಟರಿಗಿಂತ ಹೆಚ್ಚು ಬೇಕು, ಮನೆಯೆಲ್ಲ ವಾಸನೆ ಬೇರೆ. ಮೊಬೈಲಿನಲ್ಲಿ ಎಲ್ಲರೂ ತೋರಿಸುವ ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸುವ ಉಪಾಯ ನೋಡಲು ಚೆನ್ನ, ನೊರೆಯೂ ಬರುತ್ತದೆ, ಆದರೆ ಆಮ್ಲವನ್ನು ಸೋಡಾ ತಿಂದುಹಾಕಿದ ಮೇಲೆ ಸುಣ್ಣಕ್ಕೆ ಉಳಿಯುವುದೇನು? ಒಂದು ಮಾತು ಮಾತ್ರ ಮೇಡಂ ಎರಡು ಸಲ ಹೇಳಿದರು: ನಿಂಬೆ ಉಪ್ಪಿನ ಜೊತೆ ಬ್ಲೀಚ್ ಎಂದಿಗೂ ಸೇರಬಾರದು, ಕ್ಲೋರಿನ್ ಅನಿಲ ಬರುತ್ತದೆ.

ಎರಡು ತಿಂಗಳಿಗೊಮ್ಮೆ ಹೀಗೆ ಮಾಡಿ ಎಂಟು ತಿಂಗಳಾಯಿತು. ಪ್ರತಿ ಸಲವೂ ಮೊದಲು ಟಾರ್ಚ್ ಹಾಕಿ ನೋಡುತ್ತೇನೆ. ಬೆಳ್ಳಗಿದ್ದರೆ ಮಾತ್ರ ಪುಡಿ, ಇಲ್ಲದಿದ್ದರೆ ಮುಂದಿನ ತಿಂಗಳು. ವರ್ಷಕ್ಕೆ 600 ಗ್ರಾಂ ಹಿಡಿದರೂ 144 ರೂಪಾಯಿ. ನಾಳೆ ಹೀಟರ್ ಸುಟ್ಟುಹೋದರೂ 2,200 ಸೇರಿ 2,344. ಅಮ್ಮಿ ಆ ಹಣವನ್ನು ಅಕ್ಕಿ ಡಬ್ಬದ ಹಿಂದೆ ಬೇರೆಯಾಗಿ ಎತ್ತಿಟ್ಟಿದ್ದಾರೆ. ಇನ್ನೂ ಮುಟ್ಟಿಲ್ಲ.

ಸುದ್ದಿ ಮಸೀದಿಗೂ ತಲುಪಿತು. ವಜೂಖಾನೆಯ ನಲ್ಲಿಗಳಿಗೆ ಇದೇ ಪುಡಿ ಆಗುತ್ತದೆಯೇ ಎಂದು ಮೌಝನ್ ಸಾಹೇಬರು ಅಬ್ಬಾ ಮೂಲಕ ಕೇಳಿಸಿದರು. ಆಗುತ್ತದೆ: ಬಟ್ಟೆ ಒದ್ದೆ ಮಾಡಿ ನಲ್ಲಿಗೆ ಸುತ್ತಿ, ಹತ್ತು ನಿಮಿಷ ಬಿಟ್ಟು ಉಜ್ಜಿ ತೊಳೆದರೆ ಸಾಕು. ಆದರೆ ಅಲ್ಲಿಯ ನೆಲ ಮಾರ್ಬಲ್. ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ ಆದ್ದರಿಂದ ಹನಿ ಬಿದ್ದಲ್ಲೆಲ್ಲ ಹೊಳಪು ಹೋಗುತ್ತದೆ. ಕೆಳಗೆ ಒಂದು ಪ್ಲಾಸ್ಟಿಕ್ ಟಬ್ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ.