ಒಂದೇ ಸೆಟ್ಟಿನ ಬದುಕು

ಅಪ್ಪನಿಂದ 23, ಅಮ್ಮನಿಂದ 23. ನಮ್ಮ ಕ್ರೋಮೋಸೋಮುಗಳದ್ದು ಜೋಡಿ ಸಂಸಾರ. ಒಂದರಲ್ಲಿ ಎಡವಟ್ಟಾದ್ರೆ ಎಷ್ಟೋ ಸಲ ಇನ್ನೊಂದು ಕಾಯುತ್ತೆ.

ನಂಗೆ ಬೆರಗು ಹುಟ್ಟಿಸೋದು ಮಾರ್ಕಾಂಶಿಯಾ ಅನ್ನೋ ಲಿವರ್‌ವರ್ಟ್. ಅದರ ಹಸಿರು ಮೈಯ ಕೋಶದಲ್ಲಿ ಒಂದೇ ಸೆಟ್ಟು, ಬರೀ 9! ಅದರಲ್ಲೊಂದು ಹೆಣ್ಣಿಗೆ ಯು, ಗಂಡಿಗೆ ವಿ. ಹೂಬಿಡೋ ಗಿಡಗಳ ವಂಶ ಇಡೀ ಜೀನೋಮನ್ನೇ ಮತ್ತೆ ಮತ್ತೆ ದುಪ್ಪಟ್ಟು ಮಾಡ್ಕೊಂಡಿತು. ಇದರಲ್ಲಿ ಅಂಥ ಹಳೇ ಗುರುತೇ ಇಲ್ಲ ಅಂತ 2017ರಲ್ಲಿ ಇದರ ಜೀನೋಮ್ ಓದಿದವರು ಬರೆದರು. ಬದಲಿ ಪ್ರತಿ ಇಲ್ಲದೆಯೇ ಲಿವರ್‌ವರ್ಟ್ ವಂಶ ಸುಮಾರು 40 ಕೋಟಿ ವರ್ಷ ಬಾಳಿದೆ...

ಮಳೆಗಾಲದಲ್ಲಿ ನಮ್ಮ ಬಳೇಪೇಟೆಯ ಹಳೇ ಗೋಡೆಗಳಿಗೆ ಹಬ್ಬೋ ಮಾಸ್ ಇದರ ದೂರದ ನೆಂಟ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಬಿಡ್ತೀವಿ. ಜಾರೋ ಮೆಟ್ಟಿಲಿಗೆ ಸರಿ. ಯಾರೂ ತುಳಿಯದ ಗೋಡೆಗೆ ಯಾಕೆ, ಹೇಳಿ?