ಬೇರೆ ಕೀಲಿಕೈಗೆ ತೆಗೆಯಬಾರದು

‘ನಿಮ್ಮ ಮಗಳು ಏನು ಕೆಲಸಾ ಮಾಡ್ತಾಳ್ರೀ?’ ಎಂದು ಯಾರಾದರೂ ಕೇಳಿದರೆ ಹೋದ ದೀಪಾವಳಿಯವರೆಗೆ ನನ್ನ ಉತ್ತರ ಒಂದೇ ಆಗಿತ್ತು: ‘ಕಂಪ್ಯೂಟರಿನಾಗ ಏನೋ ಮಾಡ್ತಾಳ್ರೀ.’ ಸೋದರಿಯರೇ, ನಿಮ್ಮಲ್ಲೂ ಎಷ್ಟೋ ಜನರ ಉತ್ತರ ಇದೇ ಇದ್ದೀತು. ಆದರೆ ಗಂಡಿನ ಕಡೆಯವರು ಮಗಳನ್ನು ನೋಡಲು ಬರುವುದು ನಿಶ್ಚಯವಾದಾಗ ನನಗೆ ಒಳಗೊಳಗೇ ನಾಚಿಕೆಯಾಯಿತು. ಆಕೆ ಮಾಡುವ ಹೋಳಿಗೆಯ ಬಗ್ಗೆ ನಾನು ಅರ್ಧ ಗಂಟೆ ಮಾತಾಡಬಲ್ಲೆ. ದಿನಕ್ಕೆ ಒಂಬತ್ತು ತಾಸು ಆಕೆ ಮಾಡುವ ಕೆಲಸದ ಬಗ್ಗೆ ಒಂದು ಮಾತೂ ಬಾರದೆಂದರೆ ಹೇಗೆ?

ನಮ್ಮ ಮನೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ. ಕೆಳಗೆ ನಮ್ಮನೆಯವರ ಬಾಂಡೆ ಸಾಮಾನಿನ ಅಂಗಡಿ, ಮೇಲೆ ನಾವು. ಸಂಜೆಯಾದರೆ ಗಿರ್ಮಿಟ್, ಮಿರ್ಚಿ, ಪಾವ್‌ಭಾಜಿ ಗಾಡಿಗಳ ಗದ್ದಲ, ಎಣ್ಣೆಯ ವಾಸನೆ. ಆ ಗದ್ದಲದ ಮೇಲಿನ ಚಿಕ್ಕ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸ ಮಾಡುತ್ತಾಳೆ. ಒಂದು ಮಧ್ಯಾಹ್ನ ಶೇಂಗಾ ಹುರಿಯುವುದನ್ನು ಅರ್ಧಕ್ಕೇ ಬಿಟ್ಟು ಆಕೆಯ ಪಕ್ಕ ಕುಳಿತೆ. ‘ನಾನು ಎಸ್ಸೆಸ್ಸೆಲ್ಸಿ ಕಲ್ತಾಕಿ. ನನಗ ತಿಳಿಯೂ ಹಂಗ ಹೇಳವಾ’ ಎಂದೆ. ಆಕೆ ನಕ್ಕಳು. ಆದರೆ ಹೇಳಿದಳು.

ನನಗೆ ತಿಳಿದಷ್ಟನ್ನು ನಿಮಗೂ ಹೇಳುತ್ತೇನೆ. ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವ ಕಂಪ್ಯೂಟರುಗಳಲ್ಲಿ ಆಪ್‌ಆರ್ಮರ್ ಎಂಬ ಕಾವಲುಗಾರನಿದ್ದಾನೆ. ಉಬುಂಟುವಿನಲ್ಲಿ 2007ರಿಂದ ತಾನಾಗಿಯೇ ಬರುತ್ತಾನೆ. 2010ರಲ್ಲಿ ಲಿನಕ್ಸಿನ ಕರ್ನೆಲ್ಲಿಗೇ ಸೇರಿಕೊಂಡ. ಕರ್ನೆಲ್ ಎಂದರೆ ಯಂತ್ರದ ಹೊಟ್ಟೆಯೊಳಗಿನ ಯಜಮಾನ. ಯಾವ ಪ್ರೋಗ್ರಾಂ ಯಾವ ಕಡತವನ್ನು ಓದಬಹುದು, ಯಾವುದರಲ್ಲಿ ಬರೆಯಬಹುದು, ಯಾವುದನ್ನು ನಡೆಸಬಹುದು ಎಂದು ಒಂದು ಹಾಳೆಯ ಮೇಲೆ ಬರೆದಿಟ್ಟರೆ ಕಾವಲುಗಾರ ಅದರಂತೆ ನಡೆಯುತ್ತಾನೆ. ಆ ಹಾಳೆಗೆ ಪ್ರೊಫೈಲ್ ಎನ್ನುತ್ತಾರೆ. ಓದಲು ‘ಆರ್’, ಬರೆಯಲು ‘ಡಬ್ಲ್ಯೂ’. ಪ್ರತಿ ನಿಯಮದ ಕೊನೆಗೆ ಅಲ್ಪವಿರಾಮ ಬೇಕೇ ಬೇಕು, ಮರೆತರೆ ಕೆಲಸ ಕೆಟ್ಟಿತು. ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಆ ಕಪಾಟಿನಲ್ಲಿರುವುದಕ್ಕೆ ಮಾತ್ರ ಅಪ್ಪಣೆ. ಎರಡು ಹಾಕಿದರೆ ಕಪಾಟಿನೊಳಗಿನ ಡಬ್ಬಿ, ಡಬ್ಬಿಯೊಳಗಿನ ಡಬ್ಬಿಗೂ ಅಪ್ಪಣೆ! ‘ಬೇಡ’ ಎಂದು ಒಂದು ಕಡೆ ಬರೆದಿದ್ದರೆ, ಇನ್ನೊಂದು ಕಡೆ ‘ಆಗಲಿ’ ಎಂದಿದ್ದರೂ ‘ಬೇಡ’ವೇ ಗೆಲ್ಲುತ್ತದೆ. ನಮ್ಮ ಅತ್ತೆಯವರ ಅಡುಗೆಮನೆಯೂ ಹೀಗೇ ನಡೆಯುತ್ತಿತ್ತೆಂದು ನನಗೆ ನೆನಪಾಯಿತು.

ಆದರೆ ಕರ್ನೆಲ್ಲಿಗೆ ಈ ಬರಹ ಓದಲು ಬಾರದು. ನಡುವೆ ಒಬ್ಬ ದುಭಾಷಿ ಬೇಕು. ಅವನೇ ಪಾರ್ಸರ್. ಸಾಲು ಸಾಲಾಗಿ ಓದಿ, ತಪ್ಪಿದ್ದರೆ ‘ಇದು ಆಗದು’ ಎಂದು ಹಿಂದಿರುಗಿಸಿ, ಸರಿಯಿದ್ದರೆ ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುತ್ತಾನೆ. ಈ ದುಭಾಷಿಯೇ ಎಡವಿದರೆ? ಬಾಗಿಲಿಗೆ ಕೀಲಿ ಹಾಕಿದಂತೆ ಕಾಣುತ್ತದೆ, ಹಾಕಿರುವುದಿಲ್ಲ. ಮಗಳ ಕಂಪನಿಯವರು ಈ ಪಾರ್ಸರಿನಲ್ಲಿ ತಮಗೆ ಬೇಕಾದ ಬದಲಾವಣೆ ಮಾಡಿಕೊಳ್ಳುತ್ತಾರೆ. ಒಂದು ಕಡೆ ರಿಪೇರಿ ಮಾಡುವಾಗ ಇನ್ನೊಂದು ಕಡೆ ಕೆಡಲಿಲ್ಲವಷ್ಟೇ ಎಂದು ಪ್ರತಿ ಸಲ ನೋಡುವುದು, ಹೊಸ ಪರೀಕ್ಷೆಗಳನ್ನು ಸೇರಿಸುವುದು ಈಕೆಯ ಕೆಲಸ. ಇದಕ್ಕೆ ರಿಗ್ರೆಶನ್ ಟೆಸ್ಟ್ ಎಂದು ಹೆಸರು. ನಲ್ಲಿ ರಿಪೇರಿಗೆ ಬಂದವರು ಹೋದ ಮೇಲೆ ಮನೆಯ ಉಳಿದ ನಲ್ಲಿಗಳನ್ನೂ ತಿರುವಿ ನೋಡುತ್ತೇವಲ್ಲ, ಹಾಗೆ.

ಅಂಥ ಪುಟ್ಟ ಪುಟ್ಟ ಪರೀಕ್ಷೆಯ ಹಾಳೆಗಳು ಸಾವಿರಾರು ಇವೆ. ಪ್ರತಿಯೊಂದರ ತಲೆಯ ಮೇಲೆ ಇದು ಏತಕ್ಕೆ ಎಂದು ಒಂದು ಸಾಲು. ಅದರ ಕೆಳಗೆ ಬರಬೇಕಾದ ಫಲ: ‘ಪಾಸ್’ ಅಥವಾ ‘ಫೇಲ್’. ಒಂದು ಅಪ್ಪಣೆ ಕೊಟ್ಟರೆ ಎಲ್ಲವೂ ಓಡಿ, ಪ್ರತಿಯೊಂದಕ್ಕೂ ‘ಓಕೆ’ ಅಥವಾ ‘ನಾಟ್ ಓಕೆ’ ಎಂದು ಬೀಳುತ್ತದೆ. ನನಗೆ ಸೋಜಿಗವಾದದ್ದು ಇದು: ಬೇಕಂತಲೇ ತಪ್ಪು ಬರೆದ ಹಾಳೆಗಳೂ ಅಲ್ಲಿವೆ. ಪಾರ್ಸರ್ ಅವನ್ನು ತಿರಸ್ಕರಿಸಿದರೇ ಓಕೆ. ಒಪ್ಪಿಕೊಂಡರೆ ನಾಟ್ ಓಕೆ.

‘ಒಪ್ಪಿದ್ರ ಸಾಕೇನು? ಅರ್ಥಾ ತಪ್ಪು ಮಾಡಿಕೊಂಡಿದ್ರ?’ ಎಂದೆ. ಮಗಳು ನನ್ನ ಮುಖ ನೋಡಿದಳು. ಅದಕ್ಕೂ ಬೇರೆ ಪರೀಕ್ಷೆ ಇದೆಯಂತೆ. ಒಂದೇ ಅರ್ಥದ ಎರಡು ಬರಹ ಕೊಟ್ಟರೆ ಪಾರ್ಸರಿನಿಂದ ಹೊರಬರುವುದೂ ಒಂದೇ ಆಗಿರಬೇಕು. ಅರ್ಥ ಬೇರೆಯಿದ್ದರೆ ಬೇರೆಯೇ ಆಗಿರಬೇಕು. ಆ ಪ್ರಶ್ನೆ ಕೇಳಿದ್ದಕ್ಕೆ ನನಗೆ ಸಣ್ಣ ಹೆಮ್ಮೆ ಆಗಿದ್ದು ನಿಜ. ಶೇಂಗಾ ಮಾತ್ರ ಸೀದು ಹೋಗಿತ್ತು.

ಗಂಡಿನ ಕಡೆಯವರು ಬರುವ ಹಿಂದಿನ ರಾತ್ರಿಯ ಮಾತು. ಹನ್ನೊಂದು ದಾಟಿತ್ತು, ಕೆಳಗೆ ಗಾಡಿಗಳೂ ಖಾಲಿಯಾಗಿದ್ದವು. ಮಗಳು ಇನ್ನೂ ಪರದೆಯ ಮುಂದೆ. ಒಂದೇ ನಿಯಮ ಎರಡು ಸಲ ಬಂದರೆ ಅದನ್ನು ಒಂದೆಂದೇ ಎಣಿಸುವಂತೆ ಏನೋ ತಿದ್ದಿದ್ದಳು. ಅದಕ್ಕಾಗಿ ಸೇರಿಸಿದ ಹೊಸ ಪರೀಕ್ಷೆಗಳೆಲ್ಲ ಓಕೆ. ಹಳೆಯದೊಂದು ಮಾತ್ರ ನಾಟ್ ಓಕೆ. ಆ ಹಾಳೆಯಲ್ಲಿ ಒಂದೇ ಪ್ರೋಗ್ರಾಮಿಗೆ ಎರಡು ಸಾಲು: ಒಂದು ಸಾಲು ‘ಅದು ತನ್ನದೇ ನಿಯಮದಂತೆ ನಡೆಯಲಿ’ ಎಂದರೆ ಇನ್ನೊಂದು ‘ಕರೆದವನ ನಿಯಮದಂತೆ ನಡೆಯಲಿ’ ಎನ್ನುತ್ತದೆ. ಎರಡೂ ಕೂಡಿ ನಡೆಯಲಾರವು, ಪಾರ್ಸರ್ ಅದನ್ನು ಒಪ್ಪಬಾರದು. ಈಗ ಒಪ್ಪುತ್ತಿತ್ತು!

‘ಫೇಲ್ ಅಂತ ಇದ್ದಲ್ಲೆ ಪಾಸ್ ಅಂತ ಬರದ್ರ ಎಲ್ಲಾ ಓಕೆ ಆಗತೈತಿ, ಅವ್ವಾ. ನಾಳೆ ಮುಂಜಾನೆ ಕೊಡಬೇಕು. ಯಾರೂ ನೋಡೂದಿಲ್ಲ’ ಎಂದಳು. ಕಣ್ಣು ಕೆಂಪಾಗಿದ್ದವು. ನಾನೂ ಒಂದು ಕ್ಷಣ ‘ಬರದ್ಬಿಡು, ಮಲಕೋ’ ಎನ್ನುವವಳೇ. ನಾಳೆ ಬರುವವರ ಮುಂದೆ ಮಗಳ ಮುಖ ಬಾಡಿರಬಾರದಲ್ಲ! ತಾಯಿಗೆ ಮೊದಲು ತೋರುವುದು ಅದೇ.

ಆದರೆ 2019ರ ಕೀಲಿಯ ನೆನಪಾಯಿತು. ಅಂಗಡಿಯ ಹಿಂದಿನ ಕೋಣೆಗೆ ಆ ವರ್ಷ ಹೊಸ ಕೀಲಿ ತಂದಿದ್ದೆವು. ಅದರ ಕೀಲಿಕೈ ಹಾಕಿ ನೋಡಿದೆವು, ತೆಗೆಯಿತು. ಎಳೆದು ನೋಡಿದೆವು, ಗಟ್ಟಿಯಾಗಿ ಕೂತಿತ್ತು. ಇನ್ನೇನು ನೋಡುವುದಿದೆ? ಮೂರು ತಿಂಗಳ ನಂತರ ಒಂದು ದಿನ ಒಳಗಿದ್ದ ಹಿತ್ತಾಳೆಯ ಐದು ಕೊಡ ಇರಲಿಲ್ಲ. ಕೀಲಿ ಮಾತ್ರ ಹಾಕಿದ್ದಂತೆಯೇ ಇತ್ತು. ಆಮೇಲೆ ನೋಡಿದರೆ ಮನೆಯ ಹಳೇ ಟ್ರಂಕಿನ ಕೀಲಿಕೈಗೂ ಅದು ತೆಗೆಯುತ್ತಿತ್ತು! ಕೊಡ ಒಯ್ದವರು ಯಾರೋ, ಇಂದಿಗೂ ಗೊತ್ತಿಲ್ಲ. ಕೆಲಸದ ಹುಡುಗನ ಮೇಲೆ ನಾವು ಸಂಶಯಪಟ್ಟೆವು, ಅವನು ಕೆಲಸ ಬಿಟ್ಟು ಹೋದ. ಕೊಡಕ್ಕಿಂತ ಅದೇ ನನ್ನನ್ನು ಇಂದಿಗೂ ಚುಚ್ಚುತ್ತದೆ. ಅಂದಿನಿಂದ ಹೊಸ ಕೀಲಿ ಬಂದರೆ ಮನೆಯ ಕೀಲಿಕೈ ಗೊಂಚಲನ್ನೆಲ್ಲ ಒಂದೊಂದಾಗಿ ಹಾಕಿ ನೋಡುತ್ತೇನೆ. ತನ್ನದಕ್ಕೆ ತೆಗೆಯಬೇಕು, ಉಳಿದದ್ದಕ್ಕೆ ತೆಗೆಯಬಾರದು. ನಮ್ಮನೆಯವರು ನಗುತ್ತಾರೆ. ನಗಲಿ.

ನಾನು ಇಷ್ಟೇ ಅಂದೆ: ‘ಟ್ರಂಕಿನ ಕೀಲಿಕೈ ನೆನಪೈತೇನವಾ?’

ಮಗಳು ಸುಮ್ಮನೆ ಕುಳಿತಳು. ಆಮೇಲೆ ‘ಒಂದು ಕಪ್ ಚಾ ಮಾಡು’ ಎಂದಳು. ಒಂದೂವರೆಗೆ ತಪ್ಪು ಸಿಕ್ಕಿತು. ಎರಡು ಸಾಲು ಒಂದೇ ಹೌದೋ ಅಲ್ಲವೋ ಎಂದು ನೋಡುವಾಗ ಆಕೆಯ ತಿದ್ದುಪಡಿ ಪ್ರೋಗ್ರಾಮಿನ ಹೆಸರನ್ನಷ್ಟೇ ನೋಡುತ್ತಿತ್ತು, ಅಪ್ಪಣೆಯನ್ನು ನೋಡುತ್ತಿರಲಿಲ್ಲ. ಸರಿಪಡಿಸಿದಳು. ಇದೇ ಬಗೆಯ ಇನ್ನೂ ನಾಲ್ಕು ಹಾಳೆಗಳನ್ನು ಬರೆದು ಸೇರಿಸಿದಳು, ನಾಲ್ಕರ ತಲೆಯ ಮೇಲೂ ‘ಫೇಲ್’. ಮತ್ತೆ ಎಲ್ಲವನ್ನೂ ಓಡಿಸಿದಾಗ ಓಕೆ, ಓಕೆ ಎಂದು ಇರುವೆ ಸಾಲಿನಂತೆ ಇಳಿದು ಬಂತು.

ಮರುದಿನ ಬಂದವರು ಒಳ್ಳೆಯವರೇ. ಉಪ್ಪಿಟ್ಟು, ಶಿರಾ ಮುಗಿದ ಮೇಲೆ ಹುಡುಗನ ತಾಯಿ ಆ ಪ್ರಶ್ನೆ ಕೇಳಿದರು. ನಾನು ಕೀಲಿ, ಕೀಲಿಕೈ, ದುಭಾಷಿ ಎಂದು ನನಗೆ ಬಂದಂತೆ ಹೇಳಿದೆ. ಮಗಳು ತಲೆ ಬಗ್ಗಿಸಿ ನಗು ತಡೆದುಕೊಂಡಿದ್ದಳು. ‘ಅಂದ್ರ ಮತ್ತೊಬ್ಬರು ಮಾಡಿದ್ದನ್ನ ನೋಡೂದಷ್ಟ ಏನ್ರೀ?’ ಎಂದು ಆಕೆ ಕೇಳಿದರು. ಅದರಲ್ಲಿ ಕೊಂಕಿರಲಿಲ್ಲ. ನಾವು ದಿನಾ ಅಕ್ಕಿ ಆರಿಸುವುದನ್ನೂ ಜನ ಹಾಗೇ ಕೇಳುತ್ತಾರಲ್ಲ. ಮುಂದಿನ ಮಾತು, ‘ಹಂಗಾದ್ರ ಲಗ್ನಾ ಆದಮ್ಯಾಲೆ ಬಿಟ್ರೂ ನಡೀತೈತಲ್ರೀ?’

ನಮ್ಮನೆಯವರು ಅಭ್ಯಾಸದಂತೆ ‘ಹೂಂ’ ಎನ್ನಲು ಬಾಯಿ ತೆರೆದಿದ್ದರು. ‘ಇಲ್ರೀ, ಬಿಡೂದಿಲ್ಲ’ ಎಂದುಬಿಟ್ಟೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಹೊರಗಿನವರೆದುರು ಅವರ ಮಾತಿಗೆ ಅಡ್ಡ ಬಂದದ್ದು ಅದೇ ಮೊದಲು. ಕೈ ನಡುಗುತ್ತಿತ್ತು, ಸೆರಗಿನಲ್ಲಿ ಮುಚ್ಚಿಕೊಂಡೆ. ‘ತಿಳಿಸ್ತೀವ್ರೀ’ ಎಂದು ಹೇಳಿ ಅವರು ಎದ್ದರು.

ಇಂದಿಗೆ ಹದಿನೆಂಟು ದಿನ, ಸುದ್ದಿಯಿಲ್ಲ. ನಮ್ಮನೆಯವರು ಮೊದಲ ನಾಲ್ಕು ದಿನ ನನ್ನೊಂದಿಗೆ ಊಟಕ್ಕೆ ಬೇಕಾದಷ್ಟೇ ಮಾತಾಡಿದರು. ಮೊನ್ನೆ ರಾತ್ರಿ ಹಿತ್ತಲ ಬಾಗಿಲಿಗೆಂದು ಹೊಸ ಕೀಲಿ ತಂದಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಗೋಡೆಯ ಮೊಳೆಯಿಂದ ಗೊಂಚಲು ತೆಗೆದ ಸದ್ದು ಕೇಳಿ ತಿರುಗಿ ನೋಡಿದೆ. ಅವರು ಹೊಸ್ತಿಲ ಮೇಲೆ ಕುಳಿತು, ನನಗೆ ಏನೂ ಹೇಳದೆ, ಟ್ರಂಕಿನ ಕೀಲಿಕೈಯಿಂದಲೇ ಶುರು ಮಾಡಿದ್ದರು.